ಬಿಸಿನೀರಿನ ಬಕೆಟ್, ಚಿಗರಿ ಬಸ್ಸು, ಹಸಿ ಕಸ: ಪರಿಸರದ ಭಾರ ಇರುವುದು ಎಲ್ಲಿ?

ಪರಿಸರ ಉಳಿಸಲು ಮನೆಯಲ್ಲಿ ಏನು ಮಾಡಬಹುದು ಅಂತ ಯಾರನ್ನಾದರೂ ಕೇಳಿ ನೋಡಿ. ಚಾರ್ಜರ್ ಕಿತ್ತಿಡಿ, ಲೈಟ್ ಆರಿಸಿ, ಬಟ್ಟೆ ಚೀಲ ಹಿಡಿಯಿರಿ, ಒಂದು ಗಿಡ ಹಚ್ಚಿ ಎಂಬ ಉತ್ತರಗಳು ತಕ್ಷಣ ಬರುತ್ತವೆ. ಒಂದೂ ತಪ್ಪಲ್ಲ. ಆದರೆ ಇವುಗಳ ತೂಕ ಒಂದೇ ಅಲ್ಲ. ಕೆಲವು ಕೆಲಸಗಳಿಂದ ವರ್ಷಪೂರ್ತಿ ಕಷ್ಟಪಟ್ಟರೂ ಉಳಿಯುವುದು ಚೂರೇ ಚೂರು. ಕೆಲವನ್ನು ಒಂದು ಸಲ ಸರಿ ಮಾಡಿಕೊಂಡರೆ ಸಾಕು, ದಿನಾ ಉಳಿಯುತ್ತಲೇ ಇರುತ್ತದೆ. ಯಾವುದು ಭಾರ, ಯಾವುದು ಹಗುರ ಅಂತ ಗೊತ್ತಾದರೆ ನಮ್ಮ ಶ್ರಮ ಸರಿಯಾದ ಕಡೆ ಹೋಗುತ್ತದೆ.

ಮೊದಲು ಚಾರ್ಜರ್ ನೋಡೋಣ. ಮೊಬೈಲ್ ಇಲ್ಲದೆ ಸುಮ್ನೆ ಗೋಡೆಯಲ್ಲಿ ನೇತಾಡುವ ಈಗಿನ ಒಳ್ಳೆಯ ಚಾರ್ಜರ್ ಎಳೆಯುವುದು ಒಂದು ವ್ಯಾಟ್‌ಗಿಂತ ಬಹಳ ಕಡಿಮೆ. ವರ್ಷವಿಡೀ ಹಾಗೇ ಬಿಟ್ಟರೂ ಒಂದೆರಡು ಯೂನಿಟ್ ಆಗಬಹುದು. ಈಗ ಬಚ್ಚಲಿಗೆ ಬನ್ನಿ. ಇಪ್ಪತ್ತು ಲೀಟರಿನ ಒಂದು ಬಕೆಟ್ ನೀರನ್ನು 25 ಡಿಗ್ರಿಯಿಂದ 40 ಡಿಗ್ರಿಗೆ ಏರಿಸಲು ಸುಮಾರು 0.35 ಯೂನಿಟ್ ಬೇಕು. ಅಷ್ಟು ಕರೆಂಟಿನಲ್ಲಿ 9 ವ್ಯಾಟ್‌ನ ಎಲ್‌ಇಡಿ ಬಲ್ಬನ್ನು ಒಂದೂವರೆ ದಿನಕ್ಕೂ ಜಾಸ್ತಿ ಉರಿಸಬಹುದು. ಅಂದರೆ ನಾಲ್ಕು ಮಂದಿಯ ಮನೆಯಲ್ಲಿ ಒಂದು ದಿನದ ಸ್ನಾನಕ್ಕೆ ಹೋಗುವ ಕರೆಂಟು, ಚಾರ್ಜರ್ ಇಡೀ ವರ್ಷ ತಿನ್ನುವಷ್ಟು.

ಇದಕ್ಕೆ ಕಾರಣ ನೀರಿನ ಗುಣ. ನೀರು ಬಿಸಿಯಾಗಲು ತುಂಬಾ ಶಕ್ತಿ ಬೇಡುತ್ತದೆ. ಬೆಳಕು ಕೊಡುವುದು, ಫೋನ್ ತುಂಬಿಸುವುದು, ರೇಡಿಯೋ ಹಾಡಿಸುವುದು ಸಣ್ಣ ಕೆಲಸಗಳು. ಬಿಸಿ ಮಾಡುವುದು, ತಂಪು ಮಾಡುವುದು, ಭಾರದ ಗಾಡಿ ಓಡಿಸುವುದು ದೊಡ್ಡ ಕೆಲಸಗಳು. ಮನೆಯಲ್ಲಾಗಲಿ ಆಫೀಸಿನಲ್ಲಾಗಲಿ ಈ ಒಂದು ಮಾತು ನೆನಪಿದ್ದರೆ ಅರ್ಧ ಪರಿಸರಶಾಸ್ತ್ರ ಬಂದ ಹಾಗೆ.

ಇನ್ನೊಂದು ಲೆಕ್ಕ ನನಗೆ ಬಹಳ ಅಚ್ಚರಿ ತಂದಿದೆ. ಧಾರವಾಡಕ್ಕೆ ಕುಡಿಯುವ ನೀರು ಬರುವುದು ಸವದತ್ತಿ ಹತ್ತಿರದ ನವಿಲುತೀರ್ಥದಿಂದ, ಮಲಪ್ರಭೆಯ ನೀರು. ಅಮ್ಮಿನಭಾವಿಯಲ್ಲಿ ಶುದ್ಧವಾಗಿ ಊರಿಗೆ ಬರುತ್ತದೆ. ಅಣೆಕಟ್ಟಿನ ನೀರಿನ ಮಟ್ಟಕ್ಕಿಂತ ಧಾರವಾಡ ಸುಮಾರು 100 ಮೀಟರ್ ಎತ್ತರದಲ್ಲಿದೆ. ಸಾವಿರ ಲೀಟರ್ ನೀರನ್ನು 100 ಮೀಟರ್ ಎತ್ತಲು, ಪಂಪಿನಲ್ಲಿ ಆಗುವ ನಷ್ಟ ಸೇರಿ, ಸುಮಾರು 0.4 ಯೂನಿಟ್ ಬೇಕಾಗುತ್ತದೆ. ಪೈಪಿನ ಉದ್ದದ ಖರ್ಚು ಬೇರೆ. ಅಂದರೆ ಒಂದು ಇಡೀ ಟ್ಯಾಂಕು ನೀರನ್ನು ಗುಡ್ಡ ಹತ್ತಿಸುವ ಶಕ್ತಿಯೂ, ಅದರಲ್ಲಿ ಒಂದೇ ಒಂದು ಬಕೆಟ್ ಬೆಚ್ಚಗೆ ಮಾಡುವ ಶಕ್ತಿಯೂ ಹೆಚ್ಚು ಕಡಿಮೆ ಸಮ!

ಈಗ ಇದನ್ನು ಹೊಗೆಯ ಲೆಕ್ಕಕ್ಕೆ ತರೋಣ. ನಮ್ಮ ದೇಶದಲ್ಲಿ ಒಂದು ಯೂನಿಟ್ ಕರೆಂಟ್ ತಯಾರಾಗುವಾಗ ಸರಾಸರಿ 700 ಗ್ರಾಂನಷ್ಟು ಇಂಗಾಲದ ಡೈಆಕ್ಸೈಡ್ ಗಾಳಿ ಸೇರುತ್ತದೆ. ನಾಲ್ಕು ಮಂದಿ, ನಾಲ್ಕು ಬಕೆಟ್ ಅಂದರೆ ದಿನಕ್ಕೆ 1.4 ಯೂನಿಟ್, ಹತ್ತಿರ ಹತ್ತಿರ ಒಂದು ಕಿಲೋ. ಅದೇ ಒಬ್ಬರು ಶವರ್ ಕೆಳಗೆ ಹತ್ತು ನಿಮಿಷ ನಿಂತರೆ ಸುಮಾರು 80 ಲೀಟರ್ ಬಿಸಿನೀರು ಹೋಗುತ್ತದೆ. ಇಡೀ ಮನೆಯ ಬಕೆಟ್ ಸ್ನಾನದಷ್ಟು ಖರ್ಚು ಒಬ್ಬರಿಂದಲೇ ಆಯಿತು. ಬಕೆಟ್ಟು ಮತ್ತು ಚೊಂಬು ನಮ್ಮಲ್ಲಿ ಇನ್ನೂ ಉಳಿದಿರುವುದು ದೊಡ್ಡ ಪುಣ್ಯ. ಹೊಸ ಮನೆ ಕಟ್ಟುವವರು ಬಚ್ಚಲಿನಲ್ಲಿ ಬಕೆಟ್ ಇಡಲು ಜಾಗ ಬಿಡಿ ಎಂದು ನಾನು ಹೇಳುತ್ತಲೇ ಇರುತ್ತೇನೆ.

ಮಾಳಿಗೆ ಸ್ವಂತದ್ದಾಗಿದ್ದರೆ ಸೋಲಾರ್ ವಾಟರ್ ಹೀಟರ್ ಹಾಕಿಸುವುದೇ ಎಲ್ಲಕ್ಕಿಂತ ದೊಡ್ಡ ಕೆಲಸ. ನಮ್ಮ ಕಡೆ ಬಿಸಿಲಿಗೇನೂ ಬರ ಇಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಮಾತ್ರ ಅದು ಕೈಕೊಡುತ್ತದೆ, ಆ ದಿನಗಳಿಗೆ ಗೀಸರ್ ಇರಲಿ. ಸೋಲಾರ್ ಇರುವವರೂ ಒಂದು ವಿಷಯ ಗಮನಿಸಬೇಕು. ಮಾಳಿಗೆಯಿಂದ ಬಚ್ಚಲಿಗೆ ಬರುವ ಪೈಪಿನಲ್ಲಿ ನಿಂತ ತಣ್ಣೀರು ಮೊದಲು ಬರುತ್ತದೆ. ಅದನ್ನು ಮೋರಿಗೆ ಬಿಡದೆ ಬೇರೆ ಬಕೆಟ್‌ಗೆ ಹಿಡಿಯಿರಿ, ಬಟ್ಟೆ ನೆನೆಹಾಕಲು ಆಗುತ್ತದೆ. ಪೈಪಿಗೆ ಹೊದಿಕೆ ಸುತ್ತಿಸಿದರೆ ನೀರು ದಾರಿಯಲ್ಲಿ ಆರುವುದೂ ಕಡಿಮೆ. ಬಾಡಿಗೆ ಮನೆಯವರಿಗೆ ಉಳಿದಿರುವುದು ಗೀಸರ್. ಅದರ ಮುಳ್ಳನ್ನು 60-70ಕ್ಕೆ ಇಟ್ಟು ಆಮೇಲೆ ತಣ್ಣೀರು ಬೆರೆಸುವ ಬದಲು 50ರ ಆಸುಪಾಸಿಗೆ ಇಳಿಸಿ. ಸ್ನಾನಕ್ಕೆ ಸ್ವಲ್ಪ ಮೊದಲು ಹಚ್ಚಿ, ಮನೆಮಂದಿಯೆಲ್ಲ ಒಬ್ಬರ ಹಿಂದೆ ಒಬ್ಬರು ಮುಗಿಸಿ, ಆರಿಸಿಬಿಡಿ. ಹಳ್ಳಿ ಕಡೆ ಹತ್ತಿ ಕಟ್ಟಿಗೆ ಹಾಕಿ ಹಂಡೆ ಕಾಯಿಸುವವರು ಇನ್ನೂ ಇದ್ದಾರೆ. ಹೊಲದ ಕಟ್ಟಿಗೆ ಮತ್ತೆ ಬೆಳೆಯುತ್ತದೆ ನಿಜ, ಆದರೆ ಆ ಹೊಗೆ ಊದುವವರ ಎದೆಗೆ ಹೋಗುತ್ತದೆ. ಹಂಡೆಯ ಬಾಯಿ ಮುಚ್ಚಿ, ಹೊಗೆ ಹೊರಗೆ ಹೋಗುವ ಕೊಳವೆ ಇರುವ ಒಲೆ ಮಾಡಿಸುವುದು ಅಲ್ಲಿ ಮೊದಲ ಕೆಲಸ.

ಅಡುಗೆಮನೆಯಲ್ಲೂ ಇದೇ ಬಿಸಿಯ ಕಥೆ. ಒಂದು ಲೀಟರ್ ನೀರನ್ನು ಕುದಿಗೆ ತರಲು ಬೇಕಾದ ಶಾಖಕ್ಕಿಂತ, ಅದೇ ನೀರನ್ನು ಪೂರ್ತಿ ಆವಿ ಮಾಡಲು ಏಳು ಪಟ್ಟು ಜಾಸ್ತಿ ಶಾಖ ಬೇಕು. ಹಾಗಾಗಿ ಮುಚ್ಚಳ ತೆಗೆದು, ಉರಿ ಜೋರಿಟ್ಟು ಕುದಿಸುವಾಗ ನಮ್ಮ ಗ್ಯಾಸಿನ ಬಹುಪಾಲು ಆವಿಯಾಗಿ ಸೂರು ಸೇರುತ್ತದೆ. ಒಮ್ಮೆ ಕುದಿ ಬಂದಮೇಲೆ ಉರಿ ಎಷ್ಟು ಏರಿಸಿದರೂ ನೀರಿನ ಬಿಸಿ ಏರುವುದಿಲ್ಲ, ಬೇಳೆ ಬೇಗ ಬೇಯುವುದೂ ಇಲ್ಲ. ಮುಚ್ಚಳ ಮುಚ್ಚಿ, ಉರಿ ಸಣ್ಣ ಮಾಡಿ, ಅಷ್ಟೇ ಸಾಕು. ಕಾಳುಗಳನ್ನು ರಾತ್ರಿ ನೆನೆಹಾಕಿದರೆ, ಕುಕ್ಕರ್‌ನಲ್ಲಿ ಅನ್ನ-ಬೇಳೆ ಒಟ್ಟಿಗೇ ಇಟ್ಟರೆ ಇನ್ನಷ್ಟು ಉಳಿಯುತ್ತದೆ. 14.2 ಕಿಲೋದ ಒಂದು ಸಿಲಿಂಡರ್ ಪೂರ್ತಿ ಉರಿದರೆ ಸುಮಾರು 42 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಸಿಲಿಂಡರ್ ನಾಲ್ಕು ದಿನ ಜಾಸ್ತಿ ಬಾಳಿಕೆ ಬಂದರೂ ಅದು ಲೆಕ್ಕಕ್ಕೆ ಸಿಗುವಂಥ ಉಳಿತಾಯ.

ಖಡಕ್ ರೊಟ್ಟಿಯ ಬಗ್ಗೆ ಇಲ್ಲಿ ಒಂದು ಮಾತು ಹೇಳಲೇಬೇಕು. ಹಂಚು ಒಮ್ಮೆ ಕಾದಮೇಲೆ ಸಾಲಾಗಿ ಹತ್ತಿಪ್ಪತ್ತು ರೊಟ್ಟಿ ಬಡಿದು, ತೇವ ಆರುವಷ್ಟು ಸುಟ್ಟು, ಬುಟ್ಟಿಯಲ್ಲಿ ಜೋಡಿಸಿಟ್ಟರೆ ವಾರಗಟ್ಟಲೆ ಕೆಡುವುದಿಲ್ಲ. ಫ್ರಿಜ್ ಬೇಡ, ಮತ್ತೆ ಬಿಸಿ ಮಾಡುವುದು ಬೇಡ, ಹಳಸಿತು ಅಂತ ಎಸೆಯುವುದೂ ಇಲ್ಲ. ಅದರ ಹಿಟ್ಟು ಬರುವ ಹಿಂಗಾರಿ ಜೋಳವೂ ಅಷ್ಟೇ ಮಿತವ್ಯಯದ ಬೆಳೆ. ನಮ್ಮ ಎರೆಭೂಮಿಯಲ್ಲಿ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಬಿತ್ತಿದರೆ, ಮಳೆಗಾಲದಲ್ಲಿ ಮಣ್ಣು ಹಿಡಿದಿಟ್ಟ ತೇವದಲ್ಲೇ ಬೆಳೆದು ಕೊಯ್ಲಿಗೆ ಬರುತ್ತದೆ. ಕಾಲುವೆ ನೀರು, ಬೋರ್‌ವೆಲ್ ಏನೂ ಬೇಕಿಲ್ಲ. ಕಾಳು ನಮಗೆ, ಕಣಿಕೆ ದನಕ್ಕೆ. ಭತ್ತಕ್ಕೆ ನೀರೂ ಬಹಳ ಬೇಕು, ನೀರು ನಿಲ್ಲಿಸಿದ ಗದ್ದೆಯಿಂದ ಮೀಥೇನ್ ಎಂಬ ಅನಿಲವೂ ಏಳುತ್ತದೆ. ಹಾಗಂತ ಅನ್ನ ಬಿಡಿ ಎನ್ನುತ್ತಿಲ್ಲ. ಆದರೆ ನಮ್ಮ ಮಕ್ಕಳ ತಾಟಿನಿಂದ ರೊಟ್ಟಿ ಮೆಲ್ಲಗೆ ಸರಿಯುತ್ತಿದೆ, ಅಲ್ವಾ? ಅದನ್ನು ಉಳಿಸಿಕೊಂಡರೆ ಮಳೆ ನಂಬಿದ ರೈತನೂ ಉಳಿಯುತ್ತಾನೆ.

ಎಷ್ಟು ಕರೆಂಟು ಎನ್ನುವುದರ ಜೊತೆಗೆ ಯಾವಾಗ ಎನ್ನುವುದೂ ಮುಖ್ಯ. ಇದು ಅನೇಕರಿಗೆ ಹೊಸ ವಿಷಯ. ನಮ್ಮ ರಾಜ್ಯದ ಕರೆಂಟು ಹಲವು ಮೂಲಗಳಿಂದ ಬರುತ್ತದೆ. ಶರಾವತಿ, ಕಾಳಿ ನದಿಗಳ ಜಲವಿದ್ಯುತ್, ರಾಯಚೂರು ಮತ್ತು ಬಳ್ಳಾರಿಯ ಕಲ್ಲಿದ್ದಲ ಸ್ಥಾವರಗಳು, ಪಾವಗಡದಂಥ ಕಡೆಯ ಸೌರವಿದ್ಯುತ್, ಗದಗ ಜಿಲ್ಲೆಯ ಗುಡ್ಡಗಳ ಮೇಲೆ ಸಾಲುಗಟ್ಟಿ ನಿಂತ ಗಾಳಿಯಂತ್ರಗಳು. ಬಿಸಿಲಿನ ಕರೆಂಟು ಜಾಸ್ತಿ ಬರುವುದು ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಮೂರು-ನಾಲ್ಕರವರೆಗೆ. ಸಂಜೆ ಹೊತ್ತು ಮುಳುಗಿದ ಮೇಲೆ ಎಲ್ಲರ ಮನೆಯಲ್ಲೂ ಲೈಟು, ಟಿವಿ, ಮಿಕ್ಸರ್ ಶುರುವಾಗುತ್ತವೆ, ಆಗ ಬಿಸಿಲಿನ ಕರೆಂಟು ಇರುವುದಿಲ್ಲ. ಆ ಕೊರತೆ ತುಂಬಲು ಕಲ್ಲಿದ್ದಲು ಮತ್ತು ಜಲಾಶಯದ ನೀರು ಖರ್ಚಾಗುತ್ತದೆ. ಆದ್ದರಿಂದ ವಾಷಿಂಗ್ ಮಷೀನ್, ನೀರಿನ ಮೋಟರು, ಇಸ್ತ್ರಿ ಪೆಟ್ಟಿಗೆಯ ಕೆಲಸವನ್ನು ಆದಷ್ಟು ಮಧ್ಯಾಹ್ನಕ್ಕೆ ಸರಿಸಿ. ಬ್ಯಾಟರಿ ಸ್ಕೂಟರ್ ಇದ್ದವರು ಆಫೀಸಿನಲ್ಲಿ ಹಗಲು ಚಾರ್ಜ್ ಮಾಡಲು ಅನುಕೂಲ ಇದೆಯಾ ಕೇಳಿ. ಯೂನಿಟ್ ಅಷ್ಟೇ ಇದ್ದರೂ ಹೊಗೆ ಕಡಿಮೆಯಾಗುತ್ತದೆ.

2023ರಿಂದ ಗೃಹಜ್ಯೋತಿ ಬಂದಮೇಲೆ ಎಷ್ಟೋ ಮನೆಗಳಿಗೆ ಬಿಲ್ಲು ಸೊನ್ನೆ ಬರುತ್ತಿದೆ. ಬಡ ಮನೆಗೆ ಅದು ದೊಡ್ಡ ಆಸರೆ. ಆದರೆ ಬಿಲ್ಲಿನಲ್ಲಿ ಸೊನ್ನೆ ಕಂಡರೂ ಮೀಟರ್ ಓಡಿದಷ್ಟೂ ಎಲ್ಲೋ ಒಂದು ಕಡೆ ಕಲ್ಲಿದ್ದಲು ಉರಿದಿರುತ್ತದೆ. ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು ಎಂಬುದೂ ನೆನಪಿರಲಿ. ಹೆಸ್ಕಾಂ ಬಿಲ್ಲಿನಲ್ಲಿ ಹಣದ ಸಾಲಿಗಿಂತ ಯೂನಿಟ್ಟಿನ ಸಾಲನ್ನು ಮೊದಲು ನೋಡುವ ರೂಢಿ ಒಳ್ಳೆಯದು. ಜಾಸ್ತಿ ಕರೆಂಟ್ ಬಳಸುವ ಮನೆಯವರಿಗೆ ಮಾಳಿಗೆ ಮೇಲಿನ ಸೌರ ಫಲಕಕ್ಕೆ 2024ರಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಸಹಾಯಧನ ಇದೆ. ಒಂದು ಕಿಲೋವ್ಯಾಟ್‌ಗೆ 30,000, ಎರಡಕ್ಕೆ 60,000, ಮೂರು ಅಥವಾ ಅದಕ್ಕಿಂತ ಜಾಸ್ತಿಯಾದರೆ 78,000 ರೂಪಾಯಿ.

ಫ್ಯಾನು, ಟಿವಿ, ಎಸಿ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಹಳೆಯ ಸೀಲಿಂಗ್ ಫ್ಯಾನ್ ಸುಮಾರು 75 ವ್ಯಾಟ್ ತಿನ್ನುತ್ತದೆ, ಈಗಿನ ಬಿಎಲ್‌ಡಿಸಿ ಫ್ಯಾನ್ 30ರ ಆಸುಪಾಸು. ದಿನಕ್ಕೆ ಹನ್ನೆರಡು ತಾಸು ತಿರುಗುವ ಮೂರು ಫ್ಯಾನ್ ಬದಲಿಸಿದರೆ ಮನೆಮಂದಿಯ ಬಿಸಿನೀರಿಗೆ ಹೋಗುವಷ್ಟು ಕರೆಂಟು ಉಳಿಯುತ್ತದೆ. ಟಿವಿಯ ಸೆಟ್ ಟಾಪ್ ಬಾಕ್ಸ್ ರಿಮೋಟ್‌ನಲ್ಲಿ ಆರಿಸಿದರೂ ಒಳಗೆ ಓಡುತ್ತಲೇ ಇರುತ್ತದೆ. ಹತ್ತು ವ್ಯಾಟ್ ಹಿಡಿದರೂ ವರ್ಷಕ್ಕೆ 87 ಯೂನಿಟ್, ಅದನ್ನು ಗೋಡೆಯ ಸ್ವಿಚ್ಚಿನಲ್ಲೇ ಆರಿಸಿ. ಎಸಿಯನ್ನು ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ 6ರಷ್ಟು ಕರೆಂಟು ಉಳಿಯುತ್ತದೆ. 2020ರಿಂದ ಸ್ಟಾರ್ ಗುರುತಿನ ಎಸಿಗಳು ಹಚ್ಚಿದ ಕೂಡಲೇ 24 ಡಿಗ್ರಿಯಲ್ಲಿ ಶುರುವಾಗುವ ಹಾಗೆ ನಿಯಮ ಬಂದಿದೆ. ಆಫೀಸಿನಲ್ಲಿ ಅದನ್ನು 18ಕ್ಕೆ ಇಳಿಸಿ ಸ್ವೆಟರ್ ಹಾಕಿಕೊಂಡು ಕೂರುವವರಿಗೆ ಇದನ್ನು ಸಮಾಧಾನದಿಂದ ತಿಳಿಸಿ ಹೇಳಬೇಕು. ಧಾರವಾಡದ ಹವೆಯಲ್ಲಿ ಬೇಸಿಗೆಯ ಮೂರು ತಿಂಗಳು ಬಿಟ್ಟರೆ ಕಿಟಕಿ ತೆಗೆದರೆ ಸಾಕಾಗುತ್ತದೆ.

ಇನ್ನು ಓಡಾಟ. ಭಾರ ನಿಜವಾಗಿ ಕೂತಿರುವುದು ಇಲ್ಲಿ. ಒಂದು ಲೀಟರ್ ಪೆಟ್ರೋಲ್ ಉರಿದರೆ 2.3 ಕಿಲೋ ಇಂಗಾಲದ ಡೈಆಕ್ಸೈಡ್ ಬರುತ್ತದೆ. ಮುಕ್ಕಾಲು ಕಿಲೋ ತೂಗುವ ಪೆಟ್ರೋಲ್ ಅಷ್ಟು ಭಾರ ಹೇಗಾಯಿತು ಎಂದರೆ, ಉರಿಯುವಾಗ ಗಾಳಿಯ ಆಮ್ಲಜನಕ ಅದಕ್ಕೆ ಸೇರಿಕೊಳ್ಳುತ್ತದೆ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಸುಮಾರು 20 ಕಿಲೋಮೀಟರ್. ಲೀಟರಿಗೆ 15 ಕೊಡುವ ಕಾರಿನಲ್ಲಿ ಒಬ್ಬರೇ ಹೋಗಿ ಬಂದರೆ ಆರು ಕಿಲೋ. ಮೇಲೆ ಹೇಳಿದ ಮನೆಯ ಆರು ದಿನದ ಬಿಸಿನೀರು ಒಂದೇ ದಿನದ ಓಡಾಟದಲ್ಲಿ ಹೋಯಿತು! ಲೀಟರಿಗೆ 45 ಕೊಡುವ ಸ್ಕೂಟರಾದರೆ ಎರಡು ಕಿಲೋ.

ಅದೇ ದಾರಿಯಲ್ಲಿ ಚಿಗರಿ ಬಸ್ಸು ಇದೆ. 2018ರ ಅಕ್ಟೋಬರ್‌ನಲ್ಲಿ ಪ್ರಾಯೋಗಿಕವಾಗಿ ಓಡಲು ಶುರುವಾಗಿ, ಬಹುಪಾಲು ದಾರಿಯಲ್ಲಿ ತನ್ನದೇ ಪಥದಲ್ಲಿ ಸಾಗುವ ಎಸಿ ಬಸ್ಸು. ಒಂದು ಲೀಟರ್ ಡೀಸೆಲ್‌ಗೆ ಮೂರು ಕಿಲೋಮೀಟರ್ ಎಂದು ಹಿಡಿಯಿರಿ, ಒಳಗೆ 40 ಜನ ಇದ್ದಾರೆ ಎನ್ನಿ. ಹೋಗಿ ಬರಲು ಒಬ್ಬರ ಪಾಲಿಗೆ 900 ಗ್ರಾಂ ಬರುತ್ತದೆ. ಕಾರಿನ ಆರನೇ ಒಂದು ಭಾಗಕ್ಕೂ ಸ್ವಲ್ಪ ಕಡಿಮೆ. ಬಸ್ಸಿನಲ್ಲಿ ಐದೇ ಮಂದಿ ಇದ್ದರೆ ಒಬ್ಬೊಬ್ಬರ ಪಾಲು ಏಳು ಕಿಲೋ ದಾಟುತ್ತದೆ, ಕಾರಿಗಿಂತಲೂ ಜಾಸ್ತಿ! ಬಸ್ಸು ತುಂಬಿದರೆ ಮಾತ್ರ ಲಾಭ. ಅದು ಹೇಗೂ ಓಡುತ್ತದೆ, ನಾವು ಹತ್ತಿದರೆ ಹೊಸ ಹೊಗೆ ಸೇರುವುದಿಲ್ಲ, ರಸ್ತೆಯಿಂದ ಒಂದು ಕಾರು ಇಳಿಯುತ್ತದೆ. ದಿನಾ ಆಗದಿದ್ದರೆ ವಾರದಲ್ಲಿ ಎರಡು ದಿನ ಆಗಲಿ. ಸ್ಟಾಪಿನಿಂದ ಮನೆ ದೂರ ಎನ್ನುವವರು ಅಲ್ಲಿಯವರೆಗೆ ಸ್ಕೂಟರ್‌ನಲ್ಲಿ ಬಂದರೂ ಹೆಚ್ಚಿನ ದಾರಿ ಬಸ್ಸಿನಲ್ಲೇ ಆಗುತ್ತದೆ. ಗದಗ, ಹಾವೇರಿಯಂಥ ಊರಿನಲ್ಲಿ ಎಷ್ಟೋ ಕೆಲಸ ಎರಡು-ಮೂರು ಕಿಲೋಮೀಟರ್ ಒಳಗೇ ಮುಗಿಯುತ್ತವೆ. ಅಲ್ಲಿ ಸೈಕಲ್ಲು ಇನ್ನೂ ಚಾಲ್ತಿಯಲ್ಲಿ ಇರಬೇಕಿತ್ತು.

ಗಾಡಿಯ ಹೊಗೆ ಕಣ್ಣಿಗೆ ಕಾಣುತ್ತದೆ, ಕಸದಿಂದ ಏಳುವುದು ಕಾಣುವುದಿಲ್ಲ. ಕಾಯಿಪಲ್ಯದ ಸಿಪ್ಪೆ, ಉಳಿದ ಅನ್ನ ಮಣ್ಣಿನಲ್ಲಿ ಕೊಳೆತರೆ ತೊಂದರೆ ಏನು, ಅದು ನೈಸರ್ಗಿಕ ತಾನೇ ಎಂದು ಅನೇಕರು ಕೇಳುತ್ತಾರೆ. ಗಾಳಿ ಸಿಕ್ಕರೆ ತೊಂದರೆ ಇಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಕಟ್ಟಿ, ಹುಬ್ಬಳ್ಳಿಯ ಕಾರವಾರ ರಸ್ತೆ ಅಥವಾ ಧಾರವಾಡದ ಹೊಸಯಲ್ಲಾಪುರದಲ್ಲಿ ಇರುವಂಥ ಕಸದ ಗುಡ್ಡೆಯ ಅಡಿಗೆ ಬಿದ್ದಾಗ ಅದಕ್ಕೆ ಗಾಳಿ ಸಿಗುವುದಿಲ್ಲ. ಗಾಳಿ ಬೇಡದ ಸೂಕ್ಷ್ಮಜೀವಿಗಳು ಅಲ್ಲಿ ಕೆಲಸ ಮಾಡಿ ಮೀಥೇನ್ ಬಿಡುತ್ತವೆ. ನೂರು ವರ್ಷದ ಲೆಕ್ಕದಲ್ಲಿ ಮೀಥೇನ್ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಜಾಸ್ತಿ ಬಿಸಿ ಹಿಡಿಯುತ್ತದೆ. ಕಸದ ಗುಡ್ಡೆಗೆ ಬೆಂಕಿ ಹತ್ತಿದರೆ ಬೇಗ ಆರದಿರುವುದಕ್ಕೂ ಈ ಅನಿಲ ಒಂದು ಕಾರಣ. ಹಸಿ ಕಸ ಸೇರಿದ ಕೂಡಲೇ ಕಾಗದ, ರಟ್ಟು, ಪ್ಲಾಸ್ಟಿಕ್ ಎಲ್ಲ ಅಂಟಂಟಾಗಿ ರದ್ದಿಯವರಿಗೂ ಬೇಡವಾಗುತ್ತವೆ. ಹಸಿ, ಒಣ, ಅಪಾಯದ ಕಸ ಬೇರೆ ಬೇರೆ ಮಾಡಿ ಕೊಡಿ ಎಂದು 2016ರ ನಿಯಮ ಹೇಳಿದ್ದು ಇದಕ್ಕೇ.

ಹಸಿ ಕಸವನ್ನು ಮನೆಯಲ್ಲೇ ಗೊಬ್ಬರ ಮಾಡುವುದು ಇನ್ನೂ ಒಳ್ಳೆಯದು. ಬಣ್ಣದ ಖಾಲಿ ಬಕೆಟ್ ಎರಡು ತೊಗೊಳ್ಳಿ. ಕಾಯಿಸಿದ ಮೊಳೆಯಿಂದ ತಳಕ್ಕೂ ಸುತ್ತಲೂ ತೂತು ಮಾಡಿ. ಎರಡು ಇಟ್ಟಿಗೆ ಮೇಲೆ ಕೂರಿಸಿ, ತಳಕ್ಕೆ ನಾಲ್ಕು ಬೆರಳು ಒಣ ಎಲೆ ಹಾಸಿ. ದಿನದ ಸಿಪ್ಪೆಯನ್ನು ಸಣ್ಣಗೆ ಹೆಚ್ಚಿ ಹಾಕಿ, ಅದರ ಮೇಲೆ ಅದು ಮುಚ್ಚುವಷ್ಟು ಒಣ ಎಲೆ. ಮೊದಲ ವಾರ ಸ್ವಲ್ಪ ಹುಳಿ ಮಜ್ಜಿಗೆ ಅಥವಾ ಒಂದು ಹಿಡಿ ಹಳೆಯ ಗೊಬ್ಬರ ಸೇರಿಸಿದರೆ ಬೇಗ ಹತ್ತುತ್ತದೆ. ಎರಡು ಮೂರು ದಿನಕ್ಕೊಮ್ಮೆ ಕೋಲಿನಿಂದ ಕೆದಕಿ. ವಾಸನೆ ಬಂತು ಅಂದರೆ ನೀರಿನಂಶ ಜಾಸ್ತಿ, ಗಾಳಿ ಕಡಿಮೆ ಎಂದು ಅರ್ಥ. ಇನ್ನೆರಡು ಹಿಡಿ ಒಣ ಎಲೆ ಹಾಕಿ ಕೆದಕಿ, ಮರುದಿನವೇ ವ್ಯತ್ಯಾಸ ಗೊತ್ತಾಗುತ್ತದೆ. ಒಂದು ಬಕೆಟ್ ತುಂಬಿದಾಗ ಮುಚ್ಚಿಟ್ಟು ಇನ್ನೊಂದನ್ನು ಶುರು ಮಾಡಿ. ಎರಡು ತಿಂಗಳ ಹೊತ್ತಿಗೆ ಮೊದಲನೆಯದರಲ್ಲಿ ಕರಿ ಪುಡಿ, ಮಳೆ ಬಿದ್ದ ಮಣ್ಣಿನ ವಾಸನೆ. ಅನ್ನ-ಸಾರು ಜಾಸ್ತಿ ಸುರಿಯಬೇಡಿ, ಎಲುಬು-ಮಾಂಸ ಹಾಕಬೇಡಿ. ಒಣ ಎಲೆಗೆ ದೂರ ಹೋಗಬೇಕಾಗಿಲ್ಲ. ಚಳಿಗಾಲದ ಮುಂಜಾನೆ ಧಾರವಾಡದ ಬೀದಿಗಳಲ್ಲಿ ಎಲೆ ಗುಡಿಸಿ ಬೆಂಕಿ ಹಚ್ಚುತ್ತಾರಲ್ಲ, ಆ ಎಲೆಯೇ ಸಾಕು. ಸುಟ್ಟರೆ ಮಕ್ಕಳ ಎದೆಗೆ ಹೊಗೆ, ಕೂಡಿಟ್ಟರೆ ಹಿತ್ತಲಿಗೆ ಗೊಬ್ಬರ.

ಚೀಲದ ವಿಷಯದಲ್ಲಿ ಒಂದು ಎಚ್ಚರ ಬೇಕು. ಪ್ಲಾಸ್ಟಿಕ್ ಕೈಚೀಲಗಳನ್ನು ನಮ್ಮ ರಾಜ್ಯ 2016ರಲ್ಲೇ ನಿಷೇಧಿಸಿತು, ಒಮ್ಮೆ ಬಳಸಿ ಎಸೆಯುವ ಅನೇಕ ವಸ್ತುಗಳನ್ನು ಕೇಂದ್ರ 2022ರ ಜುಲೈ 1ರಿಂದ ನಿಲ್ಲಿಸಿತು. ಅದಕ್ಕೆ ಬದಲಾಗಿ ಸಮಾರಂಭದಲ್ಲೆಲ್ಲ ಹೊಸ ಹತ್ತಿ ಚೀಲ ಹಂಚುವುದು ಶುರುವಾಗಿದೆ. ಹತ್ತಿ ಬೆಳೆಯಲು, ನೂಲಲು, ಬಣ್ಣ ಹಾಕಲು ಬಹಳ ಖರ್ಚಿದೆ. ಒಂದು ಹೊಸ ಹತ್ತಿ ಚೀಲವನ್ನು ನೂರಾರು ಸಲ ಬಳಸಿದರೆ ಮಾತ್ರ ಅದು ಪರಿಸರಕ್ಕೆ ಹಗುರ. ಮನೆಯಲ್ಲಿ ಹತ್ತು ಚೀಲ ಸುಮ್ನೆ ಬಿದ್ದಿದ್ದರೆ ಲಾಭ ಏನೂ ಇಲ್ಲ. ಹಳೆಯ ಸೀರೆ, ಪ್ಯಾಂಟಿನ ಬಟ್ಟೆಯಲ್ಲಿ ಹೊಲಿಸಿದರೆ ಆ ಮೊದಲ ಖರ್ಚೇ ಇರುವುದಿಲ್ಲ. ಹಳೆ ಸೀರೆಗಳನ್ನು ಪದರ ಪದರ ಹಾಕಿ ಕೌದಿ ಹೊಲಿಯುವ ನಮ್ಮ ಅಜ್ಜಿಯಂದಿರ ಕೈಕೆಲಸಕ್ಕೆ ಇದು ಸೇರಿದ್ದು. ಕೌದಿ ಹೊಲಿಯುವವರು ಇಂದಿಗೂ ಇದ್ದಾರೆ, ಹೊಸ ರಗ್ಗು ಕೊಳ್ಳುವ ಮೊದಲು ಅವರನ್ನು ಹುಡುಕಿ ಕೆಲಸ ಕೊಡಿ. ಆಫೀಸಿನ ಚಹಾದ ಕಾಗದದ ಕಪ್ಪಿಗೂ ಒಳಗೆ ತೆಳು ಪ್ಲಾಸ್ಟಿಕ್ ಲೇಪ ಇರುತ್ತದೆ, ಹಾಗಾಗಿ ಅದು ರದ್ದಿಗೂ ಸುಲಭವಾಗಿ ಹೋಗುವುದಿಲ್ಲ, ಗೊಬ್ಬರವೂ ಆಗುವುದಿಲ್ಲ. ಮೇಜಿನ ಮೇಲೆ ಒಂದು ಸ್ಟೀಲ್ ಲೋಟ ಇಟ್ಟುಕೊಂಡರೆ ಮುಗಿಯಿತು. ಗಿರಮಿಟ್, ಮಿರ್ಚಿ ಕಟ್ಟಿಸುವಾಗಲೂ ಡಬ್ಬಿ ಕೊಡಿ. ಸುದ್ದಿ ಪತ್ರಿಕೆಯ ಮಸಿ ಎಣ್ಣೆಗೆ ಇಳಿಯುತ್ತದೆ ಎಂದು ಆಹಾರ ಸುರಕ್ಷತಾ ಪ್ರಾಧಿಕಾರವೇ ಎಚ್ಚರಿಸಿದೆ.

ಕೊನೆಗೆ ನೀರು. ಶಕ್ತಿಯ ಲೆಕ್ಕದಲ್ಲಿ ತಣ್ಣೀರು ಹಗುರ ಎಂದು ಮೇಲೆ ನೋಡಿದೆವು. ಆದರೆ ನೀರಿನ ಕಷ್ಟ ಬೇರೆ, ಅದು ನಮ್ಮಲ್ಲಿ ಇರುವುದೇ ಕಡಿಮೆ. ಹುಬ್ಬಳ್ಳಿಯ ಹಳೆಯ ಆಸರೆ ನೀರಸಾಗರ ಮಳೆ ಕೈಕೊಟ್ಟ ವರ್ಷ ತಳ ಕಾಣುತ್ತದೆ. ಗದಗ-ಬೆಟಗೇರಿಗೆ ತುಂಗಭದ್ರೆಯಿಂದ ನೀರು ಬರಬೇಕು, ನಲ್ಲಿಗೆ ನೀರು ಬಿಡುವ ದಿನ ಕಾಯುವ ಕಷ್ಟ ಅಲ್ಲಿನವರಿಗೆ ಚೆನ್ನಾಗಿ ಗೊತ್ತು. ಅದೇ ಜಿಲ್ಲೆಯ ಲಕ್ಕುಂಡಿಯಲ್ಲಿ ನೂರೊಂದು ಗುಡಿ, ನೂರೊಂದು ಬಾವಿ ಇದ್ದವು ಎನ್ನುತ್ತಾರೆ. ಬಿದ್ದ ಮಳೆಯನ್ನು ಬಿದ್ದಲ್ಲೇ ಹಿಡಿಯುವುದು ಆ ಜನರಿಗೆ ತಿಳಿದಿತ್ತು. ನಾವೂ ಲೆಕ್ಕ ಹಾಕಿ ನೋಡೋಣ. ಸಾವಿರ ಚದರ ಅಡಿಯ ಮಾಳಿಗೆ ಅಂದರೆ 93 ಚದರ ಮೀಟರ್. ಗದಗದಲ್ಲಿ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ. ಐದನೇ ಒಂದು ಭಾಗ ನಷ್ಟ ಎಂದು ಬಿಟ್ಟರೂ 44,000 ಲೀಟರ್ ಸಿಗುತ್ತದೆ. ಹುಬ್ಬಳ್ಳಿ-ಧಾರವಾಡದಲ್ಲಿ ಇನ್ನೂ ಜಾಸ್ತಿ.

ಇದಕ್ಕೆ ದೊಡ್ಡ ಖರ್ಚೂ ಇಲ್ಲ. ಮೇ ತಿಂಗಳಲ್ಲಿ ಮಾಳಿಗೆ ಗುಡಿಸಿ ಸ್ವಚ್ಛ ಮಾಡಿ. ಮಳೆನೀರಿನ ಪೈಪಿಗೆ ಕೆಳಗೊಂದು ಮುಚ್ಚಳ ಹಾಕಿಸಿ, ಮೊದಲ ಒಂದೆರಡು ಮಳೆಯ ಧೂಳು ನೀರನ್ನು ಹೊರಗೆ ಬಿಡಿ. ಆಮೇಲಿನದ್ದನ್ನು ಜಲ್ಲಿ, ಉಸುಕು, ಇದ್ದಿಲು ತುಂಬಿದ ಡ್ರಮ್ಮಿನ ಮೂಲಕ ಸಂಪಿಗೆ ಇಳಿಸಿ. ಕುಡಿಯುವುದಾದರೆ ಕುದಿಸಿ, ಬಟ್ಟೆ-ಪಾತ್ರೆ-ಗಿಡಕ್ಕೆ ಹಾಗೇ ಆಗುತ್ತದೆ. ಸಂಪು ತುಂಬಿ ಹರಿದರೆ ಆ ನೀರಿಗೆ ಹಿತ್ತಲಲ್ಲಿ ಒಂದು ಇಂಗುಗುಂಡಿ ತೋಡಿಸಿ, ಮೋರಿಗೆ ಬಿಡಬೇಡಿ. ಪಕ್ಕದ ಮನೆಯವರೂ ಹೀಗೇ ಮಾಡಿಸಿದರೆ ಓಣಿಯ ಬೋರ್‌ವೆಲ್‌ಗಳಿಗೂ ಆ ನೀರು ಆಸರೆಯಾಗುತ್ತದೆ.